ಅಖ್ನಮಲಖ್‌ನ ಜೇನು

"ಅಖ್ನಮಲಖ್ ಅಂದ್ರೆ ಏನರ್ಥ?" ಎಂದು ಎಡಿನ್‌ಬರೋದ ಹುಡುಗಿ ಫೋನಿನಲ್ಲಿ ಕೇಳಿದಾಗ ಫರ್ಕರನ ನಾಲಗೆ ಅವನಿಗಿಂತ ಮುಂದೆ ಓಡಿತು.

"ಜೇನಿನ ಬಯಲು, ತಾಯಿ!"

ಸ್ಕಾಟ್ಲೆಂಡಿನ ಬೆಟ್ಟದ ಸಂದಿಯಲ್ಲಿದ್ದ ಆ ಹಿಡಿಯಷ್ಟು ಮನೆಗಳ ಹಳ್ಳಿಯಲ್ಲಿ ಕುರಿಗೂ ಗೊತ್ತಿತ್ತು, ಗೇಲಿಕ್ ಭಾಷೆಯಲ್ಲಿ ಅದು ಶಾಪಗಳ ಬಯಲು ಎಂದು. ಆದರೆ ಫರ್ಕರ್ ತನ್ನ ಹುಲ್ಲಿನ ಕೊಟ್ಟಿಗೆಯನ್ನು ಮದುವೆ ಮಂಟಪ ಮಾಡಿ ಬಾಡಿಗೆಗೆ ಬರುವವರನ್ನು ಕಾಯುತ್ತಾ ಕೂತಿದ್ದ. ಇಷ್ಟು ದಿನ ಅಲ್ಲಿ ಬಾವಲಿಗಳ ಹೊರತು ಯಾರೂ ಜೋಡಿಯಾಗಿರಲಿಲ್ಲ.

ಜಾಗ ನೋಡಲು ಆ ಹುಡುಗಿ, ಅವಳನ್ನು ಮದುವೆಯಾಗುವ ಹುಡುಗ ಅಂದೇ ಮಧ್ಯಾಹ್ನ ಬರುವವರಿದ್ದರು. ಫರ್ಕರ್ ಪಕ್ಕದ ಮನೆಯ ಶೋನಾಗ್ ಅಜ್ಜಿಯ ಬಳಿ ಓಡಿದ.

"ಅಜ್ಜೀ, ಯಾರು ಕೇಳಿದ್ರೂ ಜೇನು ಅನ್ನು."

"ಥೂ! ತಪ್ಪದೆ ಚರ್ಚಿಗೆ ಹೋಗೋಳು ನಾನು. ಸುಳ್ಳು ಹೇಳ್ಲಾ?"

"ಚಳಿಗಾಲಕ್ಕೆ ಸೌದೆ ಒಡೆದು ಹಾಕ್ತೀನಿ."

"ಒಣಗಿದ್ದು ತಾನೆ?"

ಅಂಚೆಯ ಹೆಕ್ಟರ್ ಒಂದು ಬಾಟಲಿ ವಿಸ್ಕಿಗೆ ಒಪ್ಪಿದ. ಇಷ್ಟು ಸಾಲದೆಂದು ಫರ್ಕರ್ ಅಂಗಡಿಯ ಜೇನು ತಂದು ಮಂಟಪದ ಬಾಗಿಲಿಗೆ ಬಳಿದ. ಜೇನುಹುಳದ ಬದಲು ಕಣಜಗಳು ಬಂದವು. ಅತಿಥಿಗಳ ಕಾರು ನಿಲ್ಲುವಷ್ಟರಲ್ಲಿ ಅವನ ಮೂಗು ಬೇಯಿಸಿದ ಆಲೂಗಡ್ಡೆಯಂತೆ ಊದಿತ್ತು.

"ಇಲ್ಲಿಯ ಜೇನುಹುಳ ಗುಬ್ಬಚ್ಚಿ ಗಾತ್ರ!" ಎಂದು ಹೆಕ್ಟರ್ ಯಾರೂ ಕೇಳದೆಯೇ ಶುರುಹಚ್ಚಿಕೊಂಡ.

ಹುಡುಗಿಯ ಮುಖ ಸಪ್ಪಗಾಯಿತು. "ಅಂದ್ರೆ ಶಾಪಗೀಪ ಏನೂ ಇಲ್ವಾ?"

"ದೇವರಾಣೆ ಇಲ್ಲ!" ಎಂದ ಫರ್ಕರ್.

ಹುಡುಗ ನಿಟ್ಟುಸಿರಿಟ್ಟ. "ನಾವಿಬ್ರೂ ಪ್ರವಾಸಿಗಳಿಗೆ ದೆವ್ವದ ಓಣಿ ತೋರಿಸೋರು. ಭೂತ ಇರೋ ಜಾಗದಲ್ಲೇ ಮದುವೆ ಆಗ್ಬೇಕೂಂತ ಆಸೆ. ಈ ಹೆಸರಲ್ಲಿ ಶಾಪ ಇದೆ ಅಂತ ಯಾರೋ ಅಂದಿದ್ರು."

ಫರ್ಕರ್ ಥಟ್ಟನೆ ಮಾತು ಬದಲಿಸಿದ. "ಇದೆ! ಇರೋದೇ ಶಾಪ! ಜೇನು ಅಂದಿದ್ದು ಸುಳ್ಳು!"

"ಬಿಡಿ ಅಂಕಲ್, ನಮ್ಮನ್ನ ಮೆಚ್ಚಿಸೋಕೆ ಹೀಗೆಲ್ಲ ಹೇಳ್ಬೇಡಿ," ಎಂದಳು ಹುಡುಗಿ.

ಫರ್ಕರ್ ಅಜ್ಜಿಯ ಕೈ ಹಿಡಿದು ಎಳೆತಂದ. "ಅಜ್ಜೀ, ನಿನ್ನ ಕಾಲಿಗೆ ಬೀಳ್ತೀನಿ, ನಿಜ ಹೇಳು!"

ಅಜ್ಜಿ ಆಕಾಶ ನೋಡಿದಳು. "ಜೇನೇ ಕಣಮ್ಮ. ನಮ್ಮಜ್ಜಿ ಕಾಲದಲ್ಲಿ ಬೇಲಿಬೇಲಿಗೂ ಗೂಡು."

ಹೆಕ್ಟರ್ ಟೋಪಿ ತೆಗೆದು ಎದೆಗೊತ್ತಿಕೊಂಡ. "ಮಣ್ಣು ನೆಕ್ಕಿದ್ರೂ ಸಿಹಿ."

ಕಾರು ಗುಡ್ಡದಾಚೆ ಮರೆಯಾಯಿತು. ಅಜ್ಜಿ ಫರ್ಕರನ ಬೆನ್ನು ತಟ್ಟಿದಳು.

"ಎಂಥಾ ಪರೀಕ್ಷೆ ಇಟ್ಬಿಟ್ಟೆಯೋ ಮಗಾ! ನೀನೇ ನಿಜ ಹೇಳು ಅಂತ ಗೋಗರೆದ್ರೂ ನಾವು ಬಾಯಿ ಬಿಟ್ವಾ?"