ನಾಲ್ಕನೇ ಯತ್ನದ ಒಂದು ಗಜ: ತರಬೇತುದಾರರಿಗೆ ಊರ ಕ್ಷೌರಿಕನ ಅರಿಕೆ

ವಿನ್‌ಸ್ಲೇಡ್ ಕಾಲೇಜಿನ ಫುಟ್‌ಬಾಲ್ ತಂಡದ ಮುಖ್ಯ ತರಬೇತುದಾರರೂ, ಏಳು ವರ್ಷಗಳಿಂದ ನಮ್ಮೂರಿನ ತಾಳ್ಮೆಯ ಪರೀಕ್ಷಕರೂ ಆದ ಶ್ರೀ ಕರ್ಟಿಸ್ ಥೀಸನ್ ಅವರ ಸನ್ನಿಧಾನಕ್ಕೆ, ಮುಖ್ಯರಸ್ತೆಯ ಕ್ಷೌರದಂಗಡಿಯ ಆರ್ವಿಲ್ ಸ್ವೊಬೊಡ ಬಾಗಿ ಮಾಡುವ ವಂದನೆಗಳು.

ಮಾನ್ಯರೇ,

ತಾವೂ, ತಮ್ಮ ಶ್ರೀಮತಿಯವರೂ, ತಮ್ಮ ತಂಡದಲ್ಲಿ ಚೆಂಡು ಒದೆಯುವ ಆಟಗಾರನ ಬಲಗಾಲೂ ಕ್ಷೇಮವೆಂದು ನಂಬಿದ್ದೇನೆ. ಕಳೆದ ಶನಿವಾರ ಹೊಳೆಯಾಚೆಯ ಹೋಲ್ಬೆಕ್ ಕಾಲೇಜಿನ ಎದುರು ನಾವು ಸತತ ಹನ್ನೆರಡನೇ ವರ್ಷ ಸೋತ ಮೇಲೆ ಊರಿನ ಕೆಲವರು ತಮ್ಮ ಬಗ್ಗೆ ಒರಟಾಗಿ ಮಾತನಾಡುತ್ತಿರುವುದು ನನ್ನ ಕಿವಿಗೂ ಬಿದ್ದಿದೆ. ಅಂಥ ಮಾತುಗಳಲ್ಲಿ ಬಹುಪಾಲು ನನ್ನ ಅಂಗಡಿಯಲ್ಲೇ ಹುಟ್ಟಿದ್ದರಿಂದ ಕಿವಿಗೆ ಹಾಕಿಕೊಳ್ಳದೆ ಇರಲು ದಾರಿಯೂ ಇರಲಿಲ್ಲ. ನಾನು ಮಾತ್ರ ವಿನಯದಿಂದಲೇ ಬರೆಯಬೇಕೆಂದು ನಿಶ್ಚಯಿಸಿ, ಚರ್ಚಿನ ಪ್ಯಾನ್‌ಕೇಕ್ ಉಪಾಹಾರದ ಪ್ರಕಟಣೆಯನ್ನು ಒಂದು ವಾರ ಮುಂದಕ್ಕೆ ಹಾಕುವಂತೆ ನಮ್ಮ ವಾರಪತ್ರಿಕೆಯ ಸಂಪಾದಕರನ್ನು ಕಾಡಿ ಬೇಡಿ ಈ ಜಾಗವನ್ನು ಪಡೆದಿದ್ದೇನೆ.

ಹೋಲ್ಬೆಕ್ ಪಂದ್ಯಕ್ಕೆ ಮುಂಚಿನ ಗುರುವಾರ ನಮ್ಮ ತಂಡದ ತರಬೇತುದಾರರು ನನ್ನ ಅಂಗಡಿಗೆ ಬಂದು ಕ್ಷೌರ ಮಾಡಿಸಿಕೊಳ್ಳುವ ಪದ್ಧತಿ ನನ್ನ ಅಪ್ಪನ ಕಾಲದಿಂದಲೂ ನಡೆದುಬಂದಿದೆ. ಅಪ್ಪ ಕನ್ನಡಿಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿಟ್ಟ ಅಂಗಡಿಯ ನಿಯಮವನ್ನು ತಾವು ಏಳು ಸಲ ಓದಿದ್ದೀರಿ: ಈ ಕುರ್ಚಿಯಲ್ಲಿ ಕೂತು ಆಡಿದ ಮಾತನ್ನು ಕುರ್ಚಿಯಿಂದ ಎದ್ದ ಮೇಲೂ ನಡೆಸಿಕೊಡತಕ್ಕದ್ದು. ಈ ಬಾರಿಯೂ ತಾವು ಬಂದಿರಿ, ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಸಿಕೊಂಡಿರಿ, ಕೆನ್ನೆಗೆ ನೊರೆ ಹಚ್ಚಿಸಿಕೊಂಡಿರಿ. "ಕೋಚ್, ನಾಲ್ಕನೇ ಯತ್ನ, ಒಂದೇ ಗಜ ಬಾಕಿ ಅಂತಿಟ್ಕೊಳ್ಳಿ. ಚೆಂಡನ್ನ ಅವರಿಗೆ ಒದ್ದು ಕೊಡ್ತೀರೋ, ಹೊತ್ಕೊಂಡು ನುಗ್ತೀರೋ?" ಎಂದು ನಾನು ಕೇಳಿದೆ. "ನುಗ್ಗದೆ ಇನ್ನೇನು ಆರ್ವಿಲ್? ನೀವು ನಿಶ್ಚಿಂತೆಯಾಗಿರಿ," ಎಂದು ತಾವು ಅಪ್ಪಣೆ ಕೊಡಿಸಿದಿರಿ. ಆ ಹೊತ್ತಿಗೆ ನನ್ನ ಕ್ಷೌರದ ಕತ್ತಿ ತಮ್ಮ ಗಂಟಲಿನ ಮೇಲಿತ್ತು, ಅಂಥ ಸ್ಥಿತಿಯಲ್ಲಿರುವ ಮನುಷ್ಯ ಏನು ಕೇಳಿದರೂ ಹೂಂ ಅನ್ನುತ್ತಾನೆ ಎಂಬುದು ನಲವತ್ತಾರು ವರ್ಷ ಕತ್ತಿ ಹಿಡಿದ ನನಗೆ ಹೊಳೆಯಲಿಲ್ಲ. ತಪ್ಪು ನನ್ನದೇ.

ಇಷ್ಟಕ್ಕೂ ಈ ಮುದುಕನಿಗೆ ಒಂದು ಗಜದ ಚಿಂತೆ ಯಾಕೆ ಎಂದು ತಾವು ಕೇಳಬಹುದು. ಹನ್ನೊಂದು ವರ್ಷದ ಹಿಂದೆ ಹೋಲ್ಬೆಕ್‌ಗೆ ಮೊದಲ ಸಲ ಸೋತ ಸೋಮವಾರ, ಆ ಕುರ್ಚಿಯಲ್ಲಿ ನಾನೇ ಕೂತು, ವಿನ್‌ಸ್ಲೇಡ್ ಗೆಲ್ಲುವವರೆಗೆ ಗಡ್ಡಕ್ಕೆ ಕತ್ತಿ ಮುಟ್ಟಿಸುವುದಿಲ್ಲವೆಂದು ಹನ್ನೆರಡು ಜನರ ಎದುರು ಹೇಳಿಬಿಟ್ಟೆ. ಒಂದು ವರ್ಷದ ಮಾತು ಅಂದುಕೊಂಡಿದ್ದೆ. ಈಗ ಊರಿಗೆಲ್ಲ ನುಣ್ಣಗೆ ಕ್ಷೌರ ಮಾಡುವವನ ಸ್ವಂತ ಗಡ್ಡ ಹೊಕ್ಕುಳು ಮುಟ್ಟಿದೆ, ಹೊಸ ಗಿರಾಕಿಗಳು ಬಾಗಿಲಲ್ಲಿ ನನ್ನನ್ನು ನೋಡಿ ತಪ್ಪು ಜಾಗಕ್ಕೆ ಬಂದೆವೆಂದು ಹಿಂದಿರುಗುತ್ತಾರೆ. ನಿವೃತ್ತ ಅಂಚೆಯವನೂ ನನ್ನ ಹಳೆಯ ಸ್ನೇಹಿತನೂ ಆದ ಡೆಲ್ಮರ್, "ಇನ್ನೆರಡು ಸಲ ಸೋತ್ರೆ ಅದನ್ನೇ ಪ್ಯಾಂಟಿನೊಳಗೆ ಸಿಕ್ಕಿಸ್ಕೋಬೇಕಾಗತ್ತೆ ಕಣಪ್ಪಾ," ಎಂದು ಪ್ರತಿ ವರ್ಷ ಹೇಳುತ್ತಾನೆ. ಅದನ್ನೆಲ್ಲ ಸಹಿಸಬಹುದಿತ್ತು.

ಸಹಿಸಲಾಗದ್ದು ಇನ್ನೊಂದು. ನನ್ನ ಹೆಂಡತಿ ಲೊರೆಟಾಗೆ ಮೂರು ವರ್ಷದಿಂದ ಕಣ್ಣಿನ ನೋಟ ನಡುವಿನಿಂದಲೇ ಅಳಿಸಿಹೋಗುತ್ತಿದೆ. ಅಂಚಿನಲ್ಲಿರುವುದು ಕಾಣುತ್ತದೆ, ನೇರ ಎದುರಿಗಿರುವುದು ಮಸುಕು. ಮುಂದಿನ ಚಳಿಗಾಲದ ಹೊತ್ತಿಗೆ ಮನುಷ್ಯರ ಮುಖ ಗುರುತಿಸುವುದು ಆಗಲಿಕ್ಕಿಲ್ಲ ಎಂದು ಕಣ್ಣಿನ ಡಾಕ್ಟರು ಸೆಪ್ಟೆಂಬರಿನಲ್ಲಿ ಹೇಳಿದರು. ಕಾರಿನಲ್ಲಿ ಮನೆಗೆ ಬರುವಾಗ ಅವಳು ಅಳಲಿಲ್ಲ. "ಈ ವರ್ಷ ನಮ್ಮೋರು ಗೆದ್ದುಬಿಟ್ರೆ ಚೆನ್ನಾಗಿರತ್ತೆ, ಆರ್ವಿಲ್. ನಿನ್ನ ಗಲ್ಲ ಇನ್ನೊಂದ್ಸಲ ನೋಡ್ಬೇಕು ಅಂತ ಆಸೆ," ಎಂದಳು. ಮಾತು ಮುರಿ ಎಂದು ಕೇಳುವವಳಲ್ಲ ಅವಳು. ಪಾಪ, ತಮ್ಮನ್ನು ನಂಬಿದಳು.

ಇನ್ನು ಶನಿವಾರದ ವಿಷಯ. ತಮ್ಮ ಕೆಲಸದ ಒತ್ತಡದಲ್ಲಿ ಆಟದ ನಿಯಮಗಳು ಮರೆತುಹೋಗಿರುವ ಸಾಧ್ಯತೆ ಇರುವುದರಿಂದ ಸಂಕ್ಷೇಪವಾಗಿ ನೆನಪಿಸುತ್ತೇನೆ, ಮನ್ನಿಸಬೇಕು. ಹತ್ತು ಗಜ ಮುಂದೆ ಸಾಗಲು ತಂಡಕ್ಕೆ ನಾಲ್ಕು ಯತ್ನ. ಸಾಗಿದರೆ ಮತ್ತೆ ನಾಲ್ಕು, ಸಾಗದಿದ್ದರೆ ಚೆಂಡು ಎದುರಾಳಿಗೆ. ನಾಲ್ಕನೇ ಯತ್ನದಲ್ಲಿ ಧೈರ್ಯ ಸಾಲದವರು ಚೆಂಡನ್ನು ದೂರಕ್ಕೆ ಒದ್ದು ತಾವಾಗಿಯೇ ಎದುರಾಳಿಗೆ ಒಪ್ಪಿಸಬಹುದು. ಕೈಯಲ್ಲಿ ಚೆಂಡು ಹಿಡಿದು ಓಡುವ ಆಟಕ್ಕೆ ನಮ್ಮ ಹಿರಿಯರು ಫುಟ್‌ಬಾಲ್ ಎಂದು ಏಕೆ ಹೆಸರಿಟ್ಟರೋ ಎಂದು ನಾನು ಜೀವನಪೂರ್ತಿ ತಲೆ ಕೆಡಿಸಿಕೊಂಡಿದ್ದೆ; ಸದಾ ಕಾಲನ್ನೇ ನಂಬಿ ಆ ಹೆಸರಿನ ಮಾನ ಕಾಪಾಡಿದವರು ತಾವೊಬ್ಬರೇ.

ಅವರು ಹದಿನೇಳು, ನಾವು ಹದಿನಾಲ್ಕು. ಉಳಿದದ್ದು ಎರಡು ನಿಮಿಷಕ್ಕೂ ಕಡಿಮೆ. ಚೆಂಡು ಅವರ ಮೂವತ್ತನಾಲ್ಕನೇ ಗಜದ ಗೆರೆಯ ಮೇಲೆ, ನಾಲ್ಕನೇ ಯತ್ನ, ಒಂದೇ ಗಜ ಬಾಕಿ. ನೇರವಾಗಿ ಕಂಬಗಳ ನಡುವೆ ಒದ್ದು ಸಮ ಮಾಡಿಕೊಳ್ಳಲು ಅದು ತುಂಬ ದೂರ, ಅಷ್ಟು ನನಗೂ ಗೊತ್ತು. ಆದರೆ ನಮ್ಮಲ್ಲಿ ಮೈಕಾ ಲಿಂಡ್‌ಹಾಮ್ ಇದ್ದ: ಇನ್ನೂರ ಮೂವತ್ತು ಪೌಂಡು ತೂಗುವ ಹೈನಿನ ಮನೆಯ ಹೈದ, ಅಂದು ಇಪ್ಪತ್ತೆರಡು ಸಲ ಚೆಂಡು ಹೊತ್ತು ಒಮ್ಮೆಯೂ ಎರಡು ಗಜಕ್ಕೆ ಕಡಿಮೆ ಸಾಗದವನು, ಎಡವಿ ಮುಂದಕ್ಕೆ ಬಿದ್ದರೂ ಒಂದು ಗಜ ದಾಟುವಷ್ಟು ಉದ್ದದವನು. ಸಮಯ ನಿಲ್ಲಿಸುವ ಮೂರೂ ಅವಕಾಶಗಳನ್ನು ತಾವು ಮೊದಲೇ ಖರ್ಚು ಮಾಡಿದ್ದಿರಿ. ಅದರಲ್ಲಿ ಒಂದು, ಮೈದಾನದಲ್ಲಿ ನಮ್ಮವರು ಹನ್ನೊಂದು ಜನರಿದ್ದಾರೋ ಹನ್ನೆರಡೋ ಎಂದು ಎಣಿಸಲು. ಹದಿಮೂರು ಜನರಿದ್ದರು.

ಇಡೀ ಕ್ರೀಡಾಂಗಣ ಎದ್ದು ನಿಂತಿತ್ತು. ನಾನು ಗಡ್ಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಆಗ ಮೈಕಾ ತಲೆ ತಗ್ಗಿಸಿ ಹೊರಗೆ ಬಂದ, ಒದೆಯುವವನು ಒಳಗೆ ಹೋದ. ಪಕ್ಕದಲ್ಲಿ ಲೊರೆಟಾ ನನ್ನ ತೋಳು ಹಿಡಿದಳು. ಅವಳ ಕಣ್ಣಿಗೆ ಅಂಚಿನಲ್ಲಿ ನಿಂತ ತಾವು ಚೆನ್ನಾಗಿಯೇ ಕಾಣುತ್ತೀರಿ, ನಡುವಿನ ಚೆಂಡು ಮಾತ್ರ ಕಾಣುವುದಿಲ್ಲ.

"ಏನಾಯ್ತು? ಎಲ್ರೂ ಯಾಕೆ ಸುಮ್ಮನಾಗ್ಬಿಟ್ರು?" ಎಂದಳು. "ಚೆಂಡು ಒದ್ದುಬಿಟ್ರು," ಎಂದೆ. "ಅವರಿಗೇನಾ?" ಎಂದಳು. "ಹೂಂ, ಅವರಿಗೇ," ಎಂದೆ. "ಒಂದು ಗಜಾನೇ ಉಳಿದಿತ್ತು ಅಂದ್ಯಲ್ಲ, ಮತ್ಯಾಕೆ?" ಎಂದು ಅವಳು ಕೇಳಿದಳು. ಆ ಪ್ರಶ್ನೆಯನ್ನು ತಮಗೆ ದಾಟಿಸಲೆಂದೇ ಈ ಪತ್ರ.

ಆ ಒದೆತ ಅಂಕಣದ ಕೊನೆಯನ್ನು ದಾಟಿ ಹೋಯಿತು, ನಿಯಮದ ಪ್ರಕಾರ ಚೆಂಡನ್ನು ಅವರ ಇಪ್ಪತ್ತನೇ ಗಜಕ್ಕೆ ತಂದಿಟ್ಟರು, ಅಂದರೆ ತಮ್ಮ ದೂರದೃಷ್ಟಿಯಿಂದ ನಮಗೆ ಒಟ್ಟು ಹದಿನಾಲ್ಕು ಗಜದ ಉಪಕಾರವಾಯಿತು. ಹೋಲ್ಬೆಕ್‌ನ ನಾಯಕ ಓಡುವ ಗೋಜಿಗೇ ಹೋಗದೆ, ಸಮಯ ಕಳೆಯಲೆಂದು ಚೆಂಡು ಹಿಡಿದು ಮೂರು ಸಲ ಮಂಡಿಯೂರಿದ, ಸಮಯ ಮುಗಿಯಿತು. ನಮ್ಮ ಪಾದ್ರಿಗಳು ಕೂಡ ಅಷ್ಟು ನೆಮ್ಮದಿಯಿಂದ ಮಂಡಿಯೂರಿದ್ದನ್ನು ನಾನು ಕಂಡಿಲ್ಲ. ಆಮೇಲೆ ತಾವು ರೇಡಿಯೋದವರಿಗೆ, "ನಮ್ಮ ರಕ್ಷಣಾ ಸಾಲಿನ ಮೇಲೆ ನನಗೆ ಪೂರ್ತಿ ನಂಬಿಕೆ ಇತ್ತು, ಜೊತೆಗೆ ನಮ್ಮದು ಇನ್ನೂ ಕಲೀತಾ ಇರೋ ತಂಡ," ಎಂದಿರಿ. ಏಳು ವರ್ಷದಿಂದ ಕಲಿಯುತ್ತಿರುವ ಈ ತಂಡದಲ್ಲಿ ಆಟಗಾರರೆಲ್ಲ ನಾಲ್ಕು ವರ್ಷಕ್ಕೆ ಪದವಿ ಪಡೆದು ಹೋಗುತ್ತಾರೆ. ಹಾಗಾದರೆ ಇನ್ನೂ ಕಲಿಯುತ್ತ ಉಳಿದಿರುವವರು ಯಾರೆಂದು ಡೆಲ್ಮರ್ ಕೇಳಿದ, ನಾನು ಅವನನ್ನು ಗದರಿಸಿದೆ.

ತಮ್ಮ ಈ ತ್ಯಾಗಬುದ್ಧಿಯನ್ನು ಆಟಕ್ಕಷ್ಟೇ ಮೀಸಲಿಡುವುದು ಲೋಕಕ್ಕೆ ಅನ್ಯಾಯವೆಂದು ನನ್ನ ಅಭಿಪ್ರಾಯ. ಆದ್ದರಿಂದ ಮುಂದಿನ ವಾರ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಕೂತಾಗ, ಟರ್ಕಿ ಕೋಳಿಯ ತುಂಡು ಬಾಯಿಗೆ ಒಂದು ಅಂಗುಲದಷ್ಟು ಹತ್ತಿರ ಬಂದ ಕೂಡಲೇ ತಟ್ಟೆಯನ್ನು ಕಿಟಕಿಯಿಂದ ಎದುರು ಮನೆಗೆ ದಾಟಿಸಿ, ಅಡುಗೆಮನೆಯ ಮೇಲೆ ಪೂರ್ತಿ ನಂಬಿಕೆಯಿದೆಯೆಂದು ಮನೆಯವರಿಗೆ ತಿಳಿಸಬೇಕಾಗಿ ಪ್ರಾರ್ಥನೆ. ಮನೆಯ ಮೆಟ್ಟಿಲಲ್ಲಿ ಕೊನೆಯದೊಂದು ಉಳಿದಾಗ ಹಿಂದಿರುಗಿ ಬೀದಿಗೆ ಬಂದು, ಬೀಗದ ಕೈಯನ್ನು ಹೋಲ್ಬೆಕ್‌ನ ತರಬೇತುದಾರರಿಗೆ ಒಪ್ಪಿಸಬೇಕು. ಸಾಧ್ಯವಾದರೆ ಕಾಲೇಜಿನ ಆಡಳಿತ ಮಂಡಳಿಗೆ ಹೇಳಿ ಗಜವೆಂಬ ಅಳತೆಯನ್ನೇ ಸ್ವಲ್ಪ ಮೊಟಕುಗೊಳಿಸಿಕೊಡಬೇಕು. ತಮಗೆ ಭಯವಾಗದಷ್ಟು ಚಿಕ್ಕದು ಎಷ್ಟೆಂದು ತಾವೇ ತಿಳಿಸಿದರೆ ಅನುಕೂಲ.

ಇಷ್ಟು ಬರೆದು ಮುಗಿಸಬೇಕೆಂದಿದ್ದೆ. ಆದರೆ ಭಾನುವಾರ ನಡೆದದ್ದನ್ನು ಹೇಳದಿದ್ದರೆ ನಾನೂ ಆಟದ ಅರ್ಧ ಸತ್ಯ ಹೇಳಿದಂತಾಗುತ್ತದೆ. ಚರ್ಚು ಮುಗಿಸಿ ನಾನು ಡೆಲ್ಮರ್ ಜೊತೆ ಅಂಗಡಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಲೊರೆಟಾ ಬಾಗಿಲ ಚೌಕಟ್ಟನ್ನು ತಡವುತ್ತ ಒಳಗೆ ಬಂದಳು. ನಲವತ್ತನಾಲ್ಕು ವರ್ಷದ ಸಂಸಾರದಲ್ಲಿ ಒಂದು ದಿನವೂ ಕೂರದಿದ್ದ ಆ ಕುರ್ಚಿಯನ್ನು ಕೈಯಿಂದ ಹುಡುಕಿ ಹಿಡಿದು, ಏರಿ ಕೂತಳು. "ಆರ್ವಿಲ್, ನಾನಿವತ್ತು ನಿನ್ನ ಮುಖ ನೋಡಿಯೇ ಮನೆಗೆ ಹೋಗೋದು," ಎಂದಳು.

ಡೆಲ್ಮರ್ ಕನ್ನಡಿಯ ಮೇಲಿನ ಕೆಂಪು ಅಕ್ಷರಗಳತ್ತ ಕೈ ತೋರಿಸಿದ. "ನಿನ್ನ ಮಾತೂ ಕುರ್ಚೀದೇ, ಲೊರೆಟಾ ಮಾತೂ ಕುರ್ಚೀದೇ. ಯಾವ್ದನ್ನ ಉಳಿಸ್ತೀಯೋ ನೀನೇ ನೋಡ್ಕೋಪ್ಪಾ," ಎಂದು ಹೇಳಿ ಕಾಫಿ ಬಟ್ಟಲಿನೊಳಗೆ ಮುಖ ಹಾಕಿದ.

ಮಾನ್ಯರೇ, ಆಗ ನನಗೆ ತಮ್ಮ ನೆನಪಾಯಿತು, ಮತ್ತು ಬಹಳ ನಾಚಿಕೆಯಾಯಿತು. ಹನ್ನೊಂದು ವರ್ಷದ ನನ್ನ ಮೊಂಡುತನಕ್ಕೆ ನಿಷ್ಠೆಯೆಂದು ಹೆಸರಿಟ್ಟುಕೊಂಡಿದ್ದೆ. ಅವಳ ಕಣ್ಣು ಮೂರು ವರ್ಷದಿಂದ ಮಸುಕಾಗುತ್ತಿದ್ದುದನ್ನು ನೋಡುತ್ತಲೇ, ಮುಂದಿನ ವರ್ಷ ನೋಡೋಣ, ಮುಂದಿನ ವರ್ಷ ನೋಡೋಣ ಎಂದು ಪ್ರತಿ ನವೆಂಬರಿನಲ್ಲೂ ಒದ್ದು ದಾಟಿಸುತ್ತ ಬಂದಿದ್ದೆ. ತಮ್ಮದು ಒಂದು ಪಂದ್ಯ, ನನ್ನದು ಹೆಂಡತಿಯ ಕಣ್ಣು. ನಮ್ಮಿಬ್ಬರಲ್ಲಿ ಹೆಚ್ಚು ಹೇಡಿ ಯಾರೆಂದು ಯಾರಾದರೂ ಕೇಳಿದರೆ ನಾನು ತಮಗಿಂತ ಮುಂದಿರುತ್ತೇನೆ.

ಕತ್ತರಿಯಿಂದ ಮೊದಲು ಗಡ್ಡದ ಉದ್ದವನ್ನು ತೆಗೆದೆ, ಆಮೇಲೆ ನೊರೆ ಹಚ್ಚಿಕೊಂಡೆ. ಸ್ವಂತ ಮುಖದ ಅಭ್ಯಾಸ ತಪ್ಪಿದ್ದರಿಂದ ಎರಡು ಕಡೆ ಕೊಯ್ದುಕೊಂಡೆ. ಮುಖ ಒರೆಸಿಕೊಂಡು ಅವಳ ಎದುರು ಸ್ಟೂಲಿನ ಮೇಲೆ ಕೂತೆ. ನನ್ನನ್ನು ನೋಡಬೇಕಾದರೆ ಅವಳೀಗ ನನ್ನ ಕಿವಿಯಾಚೆ ಎಲ್ಲೋ ದೃಷ್ಟಿ ನೆಡಬೇಕು. ಹಾಗೆ ಕಿಟಕಿಯ ಕಡೆ ತಲೆ ಓರೆ ಮಾಡಿ, ಬಹಳ ಹೊತ್ತು ನೋಡಿದಳು. ಗಲ್ಲದ ಕೆಳಗಿನ ಹಳೆಯ ಗಾಯದ ಗುರುತಿನ ಮೇಲೆ ಬೆರಳಿಟ್ಟಳು. "ಮದುವೆ ದಿನ ಬೆಳಿಗ್ಗೆ ಕೊಯ್ಕೊಂಡಿದ್ದಲ್ವಾ ಇದು? ಮರ್ತೇಹೋಗಿತ್ತು," ಎಂದಳು. ಆಮೇಲೆ ಬೆರಳು ತೆಗೆದು, "ಸಾಕು. ಇನ್ನು ನೆನಪಿಟ್ಕೊಳ್ತೀನಿ," ಎಂದಳು.

ಡೆಲ್ಮರ್ ಮೂಗು ಒರೆಸಿಕೊಂಡು, ಹನ್ನೊಂದು ವರ್ಷದಲ್ಲಿ ವಿನ್‌ಸ್ಲೇಡ್ ಕಡೆಯವರೊಬ್ಬರು ನಾಲ್ಕನೇ ಯತ್ನದಲ್ಲಿ ನುಗ್ಗಿದ್ದು ಇದೇ ಮೊದಲೆಂದು ಹೇಳಿದ. ಲೊರೆಟಾ ನಕ್ಕಳು. ನಾವು ಮೂವರೂ ಮನೆಗೆ ಹೋಗಿ ಆಲೂಗಡ್ಡೆ ಸೂಪು ಕುಡಿದೆವು.

ಮುಂದಿನ ವರ್ಷದ ಗುರುವಾರವೂ ತಾವು ಅಂಗಡಿಗೆ ದಯಮಾಡಿಸಬೇಕು. ಪ್ರಶ್ನೆ ಅದೇ ಇರುತ್ತದೆ; ಆದರೆ ಈ ಸಲ ಕತ್ತಿಯನ್ನು ಕೆಳಗಿಟ್ಟು, ಕೈ ತೊಳೆದುಕೊಂಡು, ಆಮೇಲೆ ಕೇಳುತ್ತೇನೆ.

ಸೋಲಿನಲ್ಲೂ ತಮ್ಮ ಕೈಬಿಡದ,
ತಮ್ಮ ವಿಶ್ವಾಸಿ,
ಆರ್ವಿಲ್ ಸ್ವೊಬೊಡ

ಮರೆತ ಮಾತು: ತಮ್ಮ ಕಚೇರಿಗೆ ಕಳುಹಿಸಿರುವ ಲಕೋಟೆಯಲ್ಲಿ ನನ್ನ ಗಡ್ಡವಿದೆ, ಕಾಲೇಜಿನ ಬಣ್ಣದ ರಿಬ್ಬನ್ ಕಟ್ಟಿದ್ದೇನೆ, ಹೆದರಬೇಡಿ. ಹನ್ನೊಂದು ವರ್ಷದ ಬೆಳೆಯನ್ನು ನೆಟ್ಟಗೆ ಹಾಸಿ ಅಳೆದಾಗ ಇಪ್ಪತ್ತಾರು ಅಂಗುಲ ಬಂತು, ಅಂದರೆ ಒಂದು ಗಜಕ್ಕೆ ಇನ್ನೂ ಹತ್ತು ಅಂಗುಲ ಕಡಿಮೆ. ತಮ್ಮ ಮೇಜಿನ ಮೇಲೆ ಅದನ್ನು ಉದ್ದಕ್ಕೆ ಹರಡಿ, ಕೊನೆಯಲ್ಲಿ ತಮ್ಮ ಒಂದು ಗೇಣು ಸೇರಿಸಿ, ಇಷ್ಟೇನಾ ಎಂದು ಒಮ್ಮೆ ನೋಡಿಕೊಳ್ಳಬೇಕು.