ಕಾಕಾ ಟಿ.ವಿ.ಯಲ್ಲಿ ಬಂದದ್ದು

ನಮ್ಮ ಕಾಕಾನ ಮನೆಗೆ ಕಳ್ಳರು ನುಗ್ಗುವ ಮಾತಿರಲಿ, ಸ್ವತಃ ಅವರ ಹೆಂಡತಿ, ನಮ್ಮ ಕಾಕುವೇ ಎಷ್ಟೋ ಸಲ ನುಗ್ಗಲಾರದೆ ಮೆಟ್ಟಿಲ ಮೇಲೆ ಕೂತಿದ್ದಾರೆ! ಅಷ್ಟು ಚಿಲಕ, ಅಷ್ಟು ಕೀಲಿ. ಒಳಗೆ ಅಂಥದ್ದೇನಿತ್ತು ಅಂತೀರಾ? ಒಂದು ಮಿಕ್ಸರ್, ವಿಜಾಪುರದಿಂದ ಬಂದ ಜೋಳದ ಚೀಲ, ಮತ್ತು ಕಾಕಾ.

ಮರಾಠಿ ಸೀಮೆಯ ಭೋಸರಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಂಡಿದ್ದು ನಿವೃತ್ತರಾದ ಮೇಲೆ ಅಲ್ಲೇ ಹತ್ತಿರದ ನಿಗಡಿಯ ಫ್ಲ್ಯಾಟೇ ಅವರ ಕೋಟೆ. ಹೊಸ ಶತಮಾನ ಬಂತಲ್ಲ, ಕೀಲಿ ಹಳೇದಾಯಿತು, ‘ವೈರ್‌ಲೆಸ್’ ಶುರುವಾಯಿತು!

ಮೊದಲು ಬಂದದ್ದು ಕಾರ್ಡ್‌ಲೆಸ್ ಫೋನು. ಕಾಕಾ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಊರಲ್ಲಿದ್ದ ನಮ್ಮಪ್ಪನಿಗೆ ಪಿಸುಗುಟ್ಟಿದರು: "ಬರೋ ವಾರ ನಾವಿಬ್ಬರೂ ಬರ್ತೀವಿ. ಮನಿ ಖಾಲಿ ಇರ್ತದ. ಯಾರಿಗೂ ಹೇಳಬ್ಯಾಡ."

ನಡುವಿನಿಂದ ಯಾರದೋ ಗಂಡು ದನಿ ಮರಾಠಿಯಲ್ಲಿ ಬಂತು: "ನಾಹೀ ಸಾಂಗಣಾರ್, ಕಾಕಾ!" ಹೇಳುವುದಿಲ್ಲವಂತೆ! ಪಕ್ಕದ ಕಟ್ಟಡದವರ ಕಾರ್ಡ್‌ಲೆಸ್ಸೂ ಅದೇ ಗಾಳಿಯಲ್ಲಿ ಓಡಾಡುತ್ತಿತ್ತು. ಊರಿಗೆ ಹೋಗುವುದೇ ರದ್ದಾಯಿತು.

ಆಮೇಲೆ ವೈರಿಲ್ಲದ ಕರೆಗಂಟೆ. ಎದುರುಮನೆಯವರದೂ ಅದೇ ಮಾಡೆಲ್. ಅಲ್ಲಿ ಒತ್ತಿದರೆ ಇಲ್ಲಿ ಕೋಗಿಲೆ ಕೂಗುತ್ತಿತ್ತು. "ಕಳ್ಳ ಟೆಸ್ಟ್ ಮಾಡಾಕತ್ತಾನ!" ಅಂತ ಕೋಲು ಹಿಡಿದು ಬಾಗಿಲ ಹಿಂದೆ ನಿಂತ ಕಾಕಾ, ಒಂದಿನ ಎದುರುಮನೆಯ ಹಾಲಿನವನ ಮೇಲೆ ಹಾರಿಯೇ ಬಿಟ್ಟರು. ಪಾಪ, ಹಾಲೆಲ್ಲಾ ಮೆಟ್ಟಿಲ ಪಾಲು!

ಇಷ್ಟಾದರೂ ಬುದ್ಧಿ ಬಂತೇ? ವೈರ್‌ಲೆಸ್ ಕ್ಯಾಮೆರಾ ಬಂತು. ಅದನ್ನು ಹಾಲ್‌ನ ಮೂಲೆಗೆ ಏರಿಸಿ, ಹಾಲ್‌ನಲ್ಲೇ ಕೂತು, ಟಿ.ವಿ.ಯಲ್ಲಿ ಅದೇ ಹಾಲ್ ನೋಡುತ್ತಿದ್ದರು.

ಮೇಲಿನ ಮನೆಯಲ್ಲಿ ಮೊಣಕಾಲು ನೋವಿನ ಮರಾಠಿ ಅಜ್ಜಿ ಒಬ್ಬರೇ ಇದ್ದರು. ಕೆಳಗಿಳಿಯಲಾರರು. ಒಂದಿನ ಬಾಲ್ಕನಿಯಿಂದ ಬಗ್ಗಿ ಮರಾಠಿಯಲ್ಲೇ ಕಾಕಾನನ್ನು ವಿಚಾರಿಸಿದರು: "ನಿನ್ನೆ ಪಲ್ಯ ಖಾರ ಆಗಿತ್ತಾ? ಎಷ್ಟು ನೀರು ಕುಡಿದಿರಿ!"

ರವಿವಾರ ರವಿವಾರ ಬಂದುಹೋಗುತ್ತಿದ್ದ ನನ್ನನ್ನೂ ಎಳೆದುಕೊಂಡು ಕಾಕಾ ಮೇಲೆ ಓಡಿದರು. ಅಜ್ಜಿಯ ಟಿ.ವಿ.ಯ ಖಾಲಿ ಚಾನೆಲ್ಲಿನಲ್ಲಿ ನಮ್ಮ ಕಾಕು ಬಟ್ಟೆ ಮಡಚುತ್ತಿದ್ದರು! ಕಾಕಾನ ಮುಖ ಕೆಂಪಾಯಿತು.

"ಅಂದ್ರ... ನಾ ಪಟ್ಟಿ ಚಡ್ಡಿಮ್ಯಾಲೆ ಅಡ್ಡಾಡೋದು?"

ಕಾಕಾ ಕನ್ನಡದಲ್ಲೇ ಗೊಣಗಿದ್ದನ್ನು ನಾನು ಮರಾಠಿಗೆ ತರ್ಜುಮೆ ಮಾಡಿದೆ. ಅಜ್ಜಿ ಸಮಾಧಾನ ಹೇಳಿದರು: "ಆಗ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ."

ಅವತ್ತೇ ಕಾಕಾ ಕ್ಯಾಮೆರಾದ ಪ್ಲಗ್ ಕಿತ್ತೊಗೆದರು.

ಕೆಲದಿನಗಳ ನಂತರ ಕಾಕು ಮೇಲೆ ಹೋಳಿಗೆ ಕೊಟ್ಟು ಬಂದವರು ಖಾಲಿ ಡಬ್ಬಿ ಹಿಡಿದೇ ಕೂತುಬಿಟ್ಟರು.

"ಏನಾತು?" ಅಂದರು ಕಾಕಾ.

"ನನ್ನ ಮ್ಯಾಲೆ ಸಿಟ್ಟಾಗೀರೇನು ಅಂತ ಅಜ್ಜಿ ಕೇಳಿದ್ರು. ತಮ್ಮ ಯಜಮಾನರು ತೀರಿಹೋದಮ್ಯಾಲೆ ಒಬ್ಬರ ಕೂತು ಚಾ ಕುಡಿಯೂದು ಅವರಿಗೆ ಸೇರ್ತಿರಲಿಲ್ಲಂತ. ನಾವು ಚಾಕ್ಕ ಕೂತಾಗ ತಾವೂ ಕಪ್ ಹಿಡ್ಕೊಂಡು ಟಿ.ವಿ. ಮುಂದ ಕೂಡ್ತಿದ್ರಂತ."

ಕಾಕಾ ಮೂಲೆಯ ಕ್ಯಾಮೆರಾ ಕಡೆ ನೋಡಿದರು. ನಾನೇ ಹೇಳಿದೆ: "ಕಾಕಾ, ವೈರ್ ಇರೋ ಕ್ಯಾಮೆರಾ ಹಾಕ್ಸೋಣ್ರಿ. ಹೊರಗಿನವರಿಗೆ ಕಾಣಂಗಿಲ್ಲ."

"ಬ್ಯಾಡ."

ಮುಂದಿನ ರವಿವಾರ ಸಂಜೆ ಹೋದೆ. ಮೂಲೆಯಲ್ಲಿ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸೋಫಾದಲ್ಲಿ ನೆಟ್ಟಗೆ ಕೂತಿದ್ದರು. ಕಾಕು ಚಹಾ ತಂದರು. ನಾನು ಕಪ್ ತಗೊಂಡು ಕೂರುವಷ್ಟರಲ್ಲಿ ಕಾಕಾ ಮೆಲ್ಲಗೆ ನನ್ನ ತೋಳು ಹಿಡಿದರು.

"ಸ್ವಲ್ಪ ಈ ಕಡೆ ಸರಿಯೋ. ಅವರಿಗೆ ನಿಮ್ಮ ಕಾಕು ಕಾಣವಲ್ಲಳು."