ಮುತ್ತುರಾಜನ ಮುಂಡನ

ಭಾನುವಾರ ಬೆಳಿಗ್ಗೆಯವರೆಗೂ ಮುತ್ತುರಾಜನ ತಲೆಯ ಮೇಲೆ ಕೂದಲಿತ್ತು. ಸೋಮವಾರ ಬಿಟಿಎಂ ಲೇಔಟಿನ ಬಾಡಿಗೆ ಮನೆಯಿಂದ ಅವನು ಮೆಟ್ಟಿಲಿಳಿದಾಗ ಆ ತಲೆ ಹುಣಸೆಹಣ್ಣು ಹಾಕಿ ಉಜ್ಜಿದ ತಾಮ್ರದ ಚೊಂಬಿನಂತೆ ಹೊಳೆಯುತ್ತಿತ್ತು.

ಅವನು ಕೆಲಸ ಮಾಡುತ್ತಿದ್ದುದು ಜೆ.ಪಿ. ನಗರದ ಒಂದು ಟ್ರಸ್ಟಿನಲ್ಲಿ. ದಾನಿಗಳಿಂದ ಹಣ ಎತ್ತಿ ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ಅನುದಾನ ಕೊಡುವುದು ಅದರ ಕಸುಬು. ಚಿಕಿತ್ಸೆಯಲ್ಲಿ ಕೂದಲು ಕಳೆದುಕೊಂಡ ಮಕ್ಕಳ ಜೊತೆ ನಾವಿದ್ದೇವೆ ಎಂದು ತೋರಿಸಲು ಮ್ಯಾನೇಜರ್ ಸುಮೇಧ ಸಾಮೂಹಿಕವಾಗಿ ತಲೆ ಬೋಳಿಸಿಕೊಳ್ಳುವ ಕಾರ್ಯಕ್ರಮ ಇಟ್ಟಿದ್ದರು. ಹೆಸರು ಕೊಟ್ಟವರು ಬಹಳ ಮಂದಿ. ಕ್ಷೌರಿಕ ಕತ್ತಿ ಮಸೆದು ನಿಂತಾಗ ಒಬ್ಬರಿಗೆ ನೆಗಡಿ, ಒಬ್ಬರಿಗೆ ತಂಗಿಯ ಮದುವೆ, ಸುಮೇಧರಿಗೆ ಅರ್ಜೆಂಟ್ ಫೋನು. ಕುರ್ಚಿಯ ಹತ್ತಿರ ಉಳಿದವನು ಮುತ್ತುರಾಜ.

ಕೆಳಗೆ ರಂಗೋಲಿ ಹಾಕುತ್ತಿದ್ದ ಮನೆ ಓನರ್ ಸತ್ಯಭಾಮಾ ತಲೆಯೆತ್ತಿದವರೇ ಎದೆ ಹಿಡಿದುಕೊಂಡರು.

“ಅಯ್ಯೋ ಮುತ್ತು! ಯಾವಾಗ ಹೋದ್ರಪ್ಪಾ ನಿಮ್ ತಂದೆ?”

“ಎಲ್ಲೂ ಹೋಗಿಲ್ರೀ ಆಂಟಿ. ಊರಾಗೇ ಅದಾರ.”

“ಮೊದಮೊದ್ಲು ಹಂಗೇ ಅನ್ಸುತ್ತೆ ಕಣೋ. ನಮ್ಮನೆಯವ್ರು ಹೋದ್ಮೇಲೂ ನಾನು ಎಷ್ಟೋ ದಿನ ಎರಡು ಲೋಟ ಕಾಫಿ ಬೆರೆಸ್ತಿದ್ದೆ.”

“ಇಲ್ರೀ, ಇದು ಕ್ಯಾನ್ಸರ್ ಸಲುವಾಗಿ…”

“ಕ್ಯಾನ್ಸರ್ರಾ! ಒಂದು ಮಾತೂ ಹೇಳ್ಲಿಲ್ವಲ್ಲೋ!”

ಸೂತಕದ ಮನೆಗೆ ರಂಗೋಲಿ ಎಂಥದ್ದೆಂದು ಅರ್ಧ ಬಿಡಿಸಿದ್ದ ಕಮಲವನ್ನು ಅಳಿಸಿಯೇಬಿಟ್ಟರು. ಅವನು ಬೀದಿಯ ತುದಿ ಮುಟ್ಟುವಷ್ಟರಲ್ಲಿ ಸುದ್ದಿ ದೀಪದ ಚಿತ್ರದ ಸಮೇತ ಬಡಾವಣೆಯ ವಾಟ್ಸಾಪ್ ಗುಂಪಿಗೆ ಹತ್ತಿತ್ತು. ಇಸ್ತ್ರಿ ಅಂಗಡಿಯ ದುಂಡಪ್ಪ ಪೆಟ್ಟಿಗೆಯನ್ನು ಯಾರದೋ ಪ್ಯಾಂಟಿನ ಮೇಲೆಯೇ ಬಿಟ್ಟು ಎದ್ದು ಕೈಮುಗಿದ, ಪ್ಯಾಂಟು ಹೊಗೆಯಾಡಿತು. ಆಟೋದವನು ತಲೆಯನ್ನೊಮ್ಮೆ ನೋಡಿ, ಮಾತಿಲ್ಲದೆ ಮೀಟರ್ ಹಾಕಿದ. ಬೆಂಗಳೂರಿನಲ್ಲಿ ಕೇಳದೆ ಮೀಟರ್ ಹಾಕಿದ್ದು ಕಂಡು, ಅಪ್ಪ ನಿಜಕ್ಕೂ ಹೋದರೇನೋ ಎಂದು ಮುತ್ತುರಾಜನ ಎದೆಯೇ ಝಲ್ಲೆಂದಿತು.

ಕೂತು ದುಃಖಿಸಲಾಗಲೀ, ಇಲ್ಲದ ದುಃಖವನ್ನು ನಿರಾಕರಿಸಲಾಗಲೀ ಅವನಿಗೆ ಪುರುಸೊತ್ತಿರಲಿಲ್ಲ. ಜಯನಗರದ ನಿವೃತ್ತ ಉದ್ಯಮಿ ಜಯಸಿಂಹರು ಆ ದಿನ ಒಂದು ಕಾಗದಕ್ಕೆ ಸಹಿ ಹಾಕಲೇಬೇಕಿತ್ತು. ವಾಸಿಯಾದ ರಕ್ತದ ಕ್ಯಾನ್ಸರ್ ಕೆಲವು ಮಕ್ಕಳಿಗೆ ಏಕೆ ಮರುಕಳಿಸುತ್ತದೆಂದು ಹುಡುಕುತ್ತಿದ್ದ ಡಾಕ್ಟರ್ ಸಂಹಿತಾ ಅವರ ಪ್ರಯೋಗಾಲಯ ಆ ಅನುದಾನವನ್ನೇ ನಂಬಿತ್ತು. ಸಹಾಯಕರಿಬ್ಬರಿಗೆ ಆಗಲೇ ಬೇರೆ ಕೆಲಸ ನೋಡಿಕೊಳ್ಳಲು ಹೇಳಿಯಾಗಿತ್ತು. ಜಯಸಿಂಹರೋ, ತಿಂಗಳುಗಟ್ಟಲೆ ಸತಾಯಿಸಿ, ಅಂದು ಸಂಜೆಯೇ ಕಾಶಿಗೆ ಹೊರಡುವವರಿದ್ದರು.

ದಾರಿಯಲ್ಲಿ ಸುಮೇಧರ ಫೋನು. “ನಿಮ್ಮ ಓನರ್ ಈಗ ಆಫೀಸಿಗೆ ಫೋನ್ ಮಾಡಿ ಹೇಳಿದ್ರು ಮುತ್ತು. ತುಂಬಾ ಬೇಜಾರಾಯ್ತು. ಜಯಸಿಂಹ ಸಾರ್‌ಗೂ ತಿಳಿಸಿದೀನಿ. ತಂದೆ ಹೆಸರು ಕೇಳಿದ್ರು, ನಿಮ್ಮ ಫೈಲ್ ನೋಡಿ ಹೇಳಿದೆ.”

“ಸಾರ್, ನಿನ್ನೆ ನಿಮ್ಮೆದುರಿಗೇ ಅಲ್ರೀ ಬೋಳಿಸಿದ್ದು?”

“ಅದೇ ನೋಡಿ ವಿಧಿ! ಎರಡನೇ ಸಲ ಬೋಳಿಸೋದು ತಪ್ಪಿತು.”

ಜಯನಗರದ ಗೇಟಿನಲ್ಲೇ ಜಯಸಿಂಹರ ಹೆಂಡತಿ ವಾರಿಜಾ ಅಂಗೈ ಚಾಚಿ ತಡೆದರು. “ಅಲ್ಲೇ ನಿಲ್ಲಿಪ್ಪಾ, ಬೇಜಾರು ಮಾಡ್ಕೋಬೇಡಿ. ಯಾತ್ರೆ ಹೊರಟಿರೋ ಮನೆ. ಮೈಲಿಗೆ ಆಗುತ್ತೆ.”

“ಅಮ್ಮಾರ, ನಮ್ಮಪ್ಪ ಬದುಕ್ಯಾರ್ರೀ!”

“ಬದುಕಿರ್ತಾರಪ್ಪಾ,” ಎನ್ನುತ್ತ ಹಿಂದಿನಿಂದ ಜಯಸಿಂಹರು ಬಂದರು. ಕಣ್ಣು ಕೆಂಪಾಗಿತ್ತು. “ನೀವು ಮಾಡೋ ಕೆಲಸದಲ್ಲಿ ಬದುಕಿರ್ತಾರೆ. ತಂದೆ ಹೋಗಿದಾರೆ, ನೀವು ಯಾರದೋ ಮಕ್ಕಳಿಗೋಸ್ಕರ ಆಟೋ ಹತ್ತಿದ್ರಿ. ನಾನಿಲ್ಲಿ ಒಂದು ಸಹಿಗೆ ಕುಣಿಸ್ತಾ ಕೂತಿದ್ದೆ. ಥೂ ನನ್ನ!”

ಮುತ್ತುರಾಜ ತಂದಿದ್ದ ಕಾಗದವನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟು ಅವರೇ ಸಹಿ ಹಾಕಿದರು. ಒಂದು ವರ್ಷದ ಅನುದಾನ ಐದು ವರ್ಷದ್ದಾಗಿತ್ತು. ಮೇಲೆ ಅವರದೇ ಕೈಬರಹದಲ್ಲಿ ಅಪ್ಪನ ಹೆಸರು: ‘ದಿವಂಗತ ಮರೆಪ್ಪನವರ ಸ್ಮರಣಾರ್ಥ’.

“ಸಂಹಿತಾಗೂ ಹೇಳ್ದೆ. ಸಹಾಯಕರಿಬ್ಬರನ್ನೂ ವಾಪಸ್ ಕರೆಸಿದಾರಂತೆ. ಫೋನಲ್ಲೇ ಅತ್ಬಿಟ್ರು ಪಾಪ. ಏನೋ ಹೇಳೋಕೆ ಬಂದ್ರಲ್ಲ ನೀವು, ಹೇಳಿ.”

ಬೆಳಗಿನಿಂದ ಮೊದಲ ಬಾರಿಗೆ ಯಾರೂ ಅವನ ಮಾತಿಗೆ ಅಡ್ಡ ಬರಲಿಲ್ಲ. ಜಯಸಿಂಹರು ಕಾದರು. ವಾರಿಜಾ ಸೆರಗಿನ ತುದಿ ಹಿಡಿದು ಕಾದರು. ಬಾಯಿ ತೆರೆದರೆ ಅಪ್ಪ ಬದುಕುತ್ತಾನೆ, ಅನುದಾನ ಸಾಯುತ್ತದೆ. ಮುತ್ತುರಾಜ ಬಿಸಿಲಿಗೆ ಚುರುಗುಟ್ಟುತ್ತಿದ್ದ ನೆತ್ತಿ ಕೆರೆದುಕೊಂಡ.

“ಅಪ್ಪ… ಭಾಳ ಒಳ್ಳೇ ಮನುಷ್ಯಾ ಇದ್ರು ಸಾರ್.”

“ಗೊತ್ತಪ್ಪಾ. ಮಗನ್ನ ನೋಡಿದ್ರೆ ಗೊತ್ತಾಗಲ್ವಾ?” ಜಯಸಿಂಹರು ಮೂಗೊರೆಸಿಕೊಂಡು ಹೆಂಡತಿಯ ಕಡೆ ತಿರುಗಿದರು. “ವಾರಿಜಾ, ಕಾಶಿ ಎಲ್ಲೂ ಓಡಿಹೋಗಲ್ಲ, ಟಿಕೆಟ್ ಕ್ಯಾನ್ಸಲ್ ಮಾಡ್ಸು. ವೈಕುಂಠ ಸಮಾರಾಧನೆಗೆ ನಾವೇ ಇವರೂರಿಗೆ ಹೋಗೋಣ. ಆ ಪುಣ್ಯಾತ್ಮರ ಮನೆ ಮುಂದೇನೇ ಅನುದಾನ ಘೋಷಣೆ, ಆಮೇಲೆ ಊರಿಗೆಲ್ಲ ಊಟ!”

ಮುತ್ತುರಾಜ ರಸ್ತೆಯ ತಿರುವಿಗೆ ಬಂದು, ಗೋಡೆಗೆ ಒರಗಿ, ಯಾದಗಿರಿ ಕಡೆಯ ತನ್ನೂರಿಗೆ ಫೋನು ಹಚ್ಚಿದ.

“ಅಪ್ಪಾ, ಮುಂದಿನ ವಾರದ ಆಚೀಚೆ ಒಂದು ದಿನ ನೀ ಎಲ್ಲಾದ್ರೂ ಹೋಗಿ ಕುಂದರ್ತೀಯೇನು? ಮನ್ಯಾಗ ದೊಡ್ಡ ಊಟ ಐತಿ.”

“ಏ ಹುಚ್ಚ, ಊಟ ಬಿಟ್ಟು ನಾ ಎಲ್ಲಿ ಹೋಗ್ಲಿ?” ಮರೆಪ್ಪನ ದನಿ ಗಟ್ಟಿಮುಟ್ಟಾಗಿತ್ತು. “ಯಾರದಲೇ ಊಟ?”

“ನಿಂದ.”